ಹೊಳೆ ತನ್ನ ಹಳೇ ದಾರಿ ಮರೆಯೋದಿಲ್ಲ

(ಮಟಮಾರಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಮ್ಮದು ಕೃಷ್ಣಾ, ತುಂಗಭದ್ರಾ ನಡುವಿನ ಸೀಮೆ. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೂ ಮುಳುಗಿತ್ತು. ನೀರು ಇಳಿದ ಮೇಲೆ ಉಳಿದದ್ದು ಕೆಸರು.

ಹೊಳೆ ಬರೀ ನೀರನ್ನಲ್ಲ, ಮಣ್ಣನ್ನೂ ಹೊರುತ್ತದೆ. ತಿರುವಿನ ಹೊರದಂಡೆಯಲ್ಲಿ ಸೆಳವು ಹೆಚ್ಚು, ಅಲ್ಲಿ ದಂಡೆ ಕೊರೆಯುತ್ತದೆ. ಒಳದಂಡೆಯಲ್ಲಿ ಸೆಳವು ಕಡಿಮೆ, ಅಲ್ಲಿ ಉಸುಕು ಬೀಳುತ್ತದೆ. ಮೆತ್ತನೆ ಮಣ್ಣಿನ ಬಯಲಿನಲ್ಲಿ ತಿರುವು ಬೆಳೆದು ಬೆಳೆದು, ಕೊನೆಗೊಂದು ಪ್ರವಾಹದಲ್ಲಿ ಹೊಳೆ ನೇರ ದಾರಿ ಹಿಡಿಯುತ್ತದೆ. ಬಿಟ್ಟುಹೋದ ಪಾತ್ರದ ಎರಡೂ ಬಾಯಿಗಳನ್ನು ಮೊದಲು ಉಸುಕು ಮುಚ್ಚುತ್ತದೆ. ಆಮೇಲೆ ಪ್ರತಿ ಪ್ರವಾಹವೂ ನುಣ್ಣನೆ ಹೂಳು ತುಂಬುತ್ತದೆ. ಬಿಹಾರದ ಕಾಬರ್ ತಾಲ್ ಸರೋವರ ಬೂಢಿ ಗಂಡಕ್ ನದಿ ಹೀಗೆ ಬಿಟ್ಟುಹೋದ ತಿರುವು; ಅದೂ ಹೂಳಿನಿಂದ ಕುಗ್ಗುತ್ತಿದೆ.

ನಮ್ಮ ಹೊಳೆಗಳು ಬಂಡೆಗಲ್ಲಿನ ಮೇಲೆ ಹರಿಯೋದರಿಂದ ಅಷ್ಟು ಹೊರಳಾಡುವುದಿಲ್ಲ. ಆದರೆ ವೇಗ ತಗ್ಗಿದಲ್ಲಿ ಮಣ್ಣು ಇಳಿಯುವ ನಿಯಮ ಒಂದೇ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಹಿಡಿಯೋದು ಸುಮಾರು 105. ಅದರ ಪೆಟ್ಟು ಯಾರಿಗೆ? ಎಡದಂಡೆ ಕಾಲುವೆಯ ಕೊನೇ ಭಾಗದ ಮಾನ್ವಿ, ರಾಯಚೂರಿನ ರೈತರಿಗೆ.

ಅದಕ್ಕೇ ಮೂರು ಮಾತು. ಕಡಿಮೆ ಬೆಲೆಗೆ ಸಿಕ್ತು ಅಂತ ಹಳ್ಳದ ಹಳೇ ಜಾಗದಲ್ಲಿ ಮನೆ ಕಟ್ಟಬ್ಯಾಡ್ರಿ. ಬೇಸಿಗೆಯಲ್ಲಿ ಅದು ಸಮತಟ್ಟು, ಪ್ರವಾಹದಲ್ಲಿ ನೀರು ಮೊದಲು ಬರೋದು ಅಲ್ಲಿಗೇ. ನೀರು ಎಲ್ಲಿ ನಿಂತಿತ್ತು ಅಂತ ಊರ ಹಿರಿಯರನ್ನು ಕೇಳ್ರಿ. ಹೊಲದ ಬದುವಿಗೆ ಹುಲ್ಲು, ಗಿಡ ಹಾಕ್ರಿ. ನಿಮ್ಮ ಹೊಲದಲ್ಲೇ ನಿಂತ ಮಣ್ಣು ಬೆಳೆ ಕೊಡುತ್ತದೆ, ಹೊಳೆಗೆ ಹೋದರೆ ಹೂಳಾಗುತ್ತದೆ.