ಹಲಗೆಯ ಮೇಲೊಂದು ಹೆಸರು

ಬಂಟವಾಳದಿಂದ ಪುಂಜಾಲಕಟ್ಟೆಯ ಮಾರ್ಗವಾಗಿ ಬೆಳ್ತಂಗಡಿಗೆ, ಅಲ್ಲಿಂದ ಗುರುವಾಯನಕೆರೆಗೆ ಮರಳಿ ವೇಣೂರಿನ ಮೇಲಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಓದಲು ಬೇರೆ ಪುಸ್ತಕ ಬೇಕಾಗುವುದಿಲ್ಲ. ಅಂಗಡಿ, ಹೋಟೆಲು, ಶಾಲೆ, ದೈವಸ್ಥಾನ, ಮನೆಯ ಗೇಟು, ಎಲ್ಲೆಲ್ಲೂ ಹೆಸರುಗಳು. ಒಂದೇ ಊರು ಒಂದು ಫಲಕದಲ್ಲಿ ಮೂಡುಬಿದಿರೆ, ಇನ್ನೊಂದರಲ್ಲಿ ಮೂಡಬಿದ್ರಿ, ಮತ್ತೊಂದರಲ್ಲಿ ಮೂಡಬಿದ್ರೆ. ಮೂಡು ಎಂದರೆ ಪೂರ್ವ, ಬಿದಿರೆಯಲ್ಲಿರುವುದು ಬಿದಿರು. ಸಂಸ್ಕೃತದ ಪಂಡಿತರು ಇದನ್ನೇ ವೇಣುಪುರವೆಂದೂ ವಂಶಪುರವೆಂದೂ ಕರೆದರು. ಕಾಗುಣಿತದ ಈ ಸ್ವಾತಂತ್ರ್ಯ ನನ್ನಂಥ ನಿವೃತ್ತ ಕನ್ನಡ ಅಧ್ಯಾಪಕನಿಗೆ ಮೊದಮೊದಲು ಸಿಟ್ಟು ತರಿಸುತ್ತಿತ್ತು, ಈಗ ವಿನೋದವಾಗಿದೆ. ಸಿಟ್ಟು ಬರುವುದು ಬೇರೆಯದಕ್ಕೆ. ಈ ಫಲಕಗಳಲ್ಲಿ ಹೆಚ್ಚಿನವು ಇಂದು ಯಂತ್ರ ಅಚ್ಚೊತ್ತಿದ ಫ್ಲೆಕ್ಸ್ ಹಾಳೆಗಳು. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. ಫ್ಲೆಕ್ಸು ಹೋಗಲಿಲ್ಲ, ಕೈಯಿಂದ ಬರೆಯುತ್ತಿದ್ದವರು ಹೋದರು.

ಹೀಗಿರುವಾಗ ಮರದ ಹಲಗೆಯ ಮೇಲೆ ಹೆಸರು ಬರೆಯುವುದನ್ನು ಕಲಿಸುವ, ಎರಡು ಭಾನುವಾರಗಳ ಶಿಬಿರವೊಂದು ಮೂಡುಬಿದಿರೆಯಲ್ಲಿ ನಡೆಯಲಿದೆಯೆಂದು ಗೆಳೆಯರೊಬ್ಬರು ತಿಳಿಸಿದರು. ನಾನೂ ಸೇರಿಕೊಂಡೆ. ಒಟ್ಟು 14 ಮಂದಿ ಇದ್ದೆವು; ಕಾಲೇಜಿನ ಹುಡುಗರು, ಇಬ್ಬರು ಶಾಲಾ ಶಿಕ್ಷಕಿಯರು, ಒಬ್ಬ ಬೇಕರಿಯ ಯಜಮಾನ, ಉಳಿದವರು ನನ್ನ ಹಾಗೆ ಸಮಯವುಳ್ಳವರು. ಕಲಿಸಿದವರು ಬಂಟವಾಳ ಪೇಟೆಯಲ್ಲಿ ನಲವತ್ತು ವರ್ಷ ಅಂಗಡಿಗಳ ಫಲಕ, ಬಸ್ಸುಗಳ ಹೆಸರು, ಯಕ್ಷಗಾನದ ಬಟ್ಟೆಯ ಬ್ಯಾನರುಗಳನ್ನು ಬರೆದ ವೃದ್ಧ ಕಲಾವಿದರು. ಶಾಲೆಯಲ್ಲಿ ಐದನೆಯ ತರಗತಿಯಿಂದ ಮೇಲೆ ಹೋದವರಲ್ಲ. ಆದರೆ ಕನ್ನಡ ಅಕ್ಷರದ ಮೈಕಟ್ಟನ್ನು ಕುರಿತು ಅವರಾಡಿದ ಮಾತುಗಳನ್ನು ನಾನು ಎಂ.ಎ. ತರಗತಿಯಲ್ಲಿ ಕೇಳಿರಲಿಲ್ಲ.

ಮೊದಲರ್ಧ ದಿನ ಅಕ್ಷರದ ಸುದ್ದಿಯೇ ಇರಲಿಲ್ಲ. ಹಲಸಿನ ಹಲಗೆಯನ್ನು ಸ್ಯಾಂಡ್‌ಪೇಪರಿನಿಂದ ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಬಳಿಕ ಪ್ರೈಮರು. ಅದನ್ನು ಮುಖಕ್ಕೆ ಮಾತ್ರ ಹಚ್ಚಿದರೆ ಸಾಲದು; ಬೆನ್ನಿಗೆ, ಅಂಚಿಗೆ, ಎಲ್ಲಕ್ಕಿಂತ ಮಿಗಿಲಾಗಿ ಎಳೆ ಕಡಿದಿರುವ ಎರಡು ಕೊನೆಗಳಿಗೆ ಹಚ್ಚಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ನೀರು ಮರದೊಳಗೆ ಇಳಿಯುವುದು ಆ ಕೊನೆಗಳಿಂದ. ಒಂದೇ ಬದಿಗೆ ಬಣ್ಣ ಕುಡಿಸಿದ ಹಲಗೆ ಆಷಾಢ ಕಳೆಯುವುದರೊಳಗೆ ಬಾಗಿ ಹಪ್ಪಳವಾಗುತ್ತದೆ.

ಆಮೇಲೆ ಸೀಮೆಸುಣ್ಣ ಹಚ್ಚಿದ ನೂಲನ್ನು ಬಿಗಿಹಿಡಿದು ಮೀಟಿ ಗೆರೆ ಹಾಕಿದರು. ರೋಮನ್ ದೊಡ್ಡಕ್ಷರಗಳಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ಮೂರನೆಯದೊಂದು ಬೇಕು, ಒತ್ತಕ್ಷರ ಕೆಳಗಿಳಿಯಲು. ಮೇಲೆ ಗುಡಿಸು, ಬಲಕ್ಕೆ ದೀರ್ಘ, ಅಡಿಗೆ ಒತ್ತು. ಹೀಗೆ ಮೂರು ದಿಕ್ಕಿಗೆ ಕೈಕಾಲು ಚಾಚುವ ಅಕ್ಷರಗಳನ್ನು ಅಡಿಕೋಲಿನಿಂದ ಸಮನಾಗಿ ಹಂಚಲು ಬರುವುದಿಲ್ಲ. ನಡುವಣ ಖಾಲಿ ಜಾಗವನ್ನು ಕಣ್ಣಿನಿಂದಲೇ ತೂಗಬೇಕು. ನಾನು ಬರೆಯಲು ಆರಿಸಿದ್ದು ‘ಓದುವ ಕೋಣೆ’ ಎಂಬ ಎರಡು ಪದಗಳನ್ನು. ಗುರುಗಳು ನೋಡಿ ನಕ್ಕರು. “ಒಂದು ಒತ್ತಕ್ಷರವೂ ಇಲ್ಲದ್ದನ್ನು ಹುಡುಕಿ ತಂದಿದ್ದೀರಿ, ಮಾಷ್ಟ್ರೆ!”

ಕುಂಚ ಎಳೆಯ ಉದ್ದಕ್ಕೆ ಸಲೀಸಾಗಿ ಓಡುತ್ತದೆ. ದುಂಡಗೆ ತಿರುಗುವಲ್ಲಿ ಎಳೆಯನ್ನು ದಾಟಬೇಕಾಗಿ ತಡೆಯುತ್ತದೆ. ನಮ್ಮ ಅಕ್ಷರಗಳೋ ದುಂಡು. ತಾಳೆಗರಿಯ ಮೇಲೆ ಕಂಟದಿಂದ ನೇರ ಅಡ್ಡಗೆರೆ ಕೊರೆದರೆ ನಾರಿನ ಉದ್ದಕ್ಕೂ ಗರಿ ಸೀಳುತ್ತದೆ, ಆದಕಾರಣ ದಕ್ಷಿಣದ ಲಿಪಿಗಳು ದುಂಡಾದುವು ಎಂದು ಹೇಳುವುದುಂಟು. ನಾವು ಕುಳಿತಿದ್ದ ಊರಿನಲ್ಲೇ ಗುರುಬಸದಿ ಇದೆ. ಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ ಆ ಸ್ಥಳಕ್ಕೆ ಸಿದ್ಧಾಂತ ಬಸದಿಯೆಂಬ ಹೆಸರೂ ಉಂಟು. ಅವುಗಳ ಲಿಪಿ ಹಳಗನ್ನಡದ್ದು, ಮೂಲದ ಭಾಷೆ ಪ್ರಾಕೃತ. ಇದೇ ಜಿಲ್ಲೆಯಲ್ಲಿ 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವೂ ಮೊದಲು ಅಚ್ಚುಮೊಳೆಯಿಂದಲ್ಲ, ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಅಚ್ಚಾದದ್ದು. ಗರಿಗೆ ಹುಟ್ಟಿದ ಅಕ್ಷರ ಕಲ್ಲಿಗೂ ಮರಕ್ಕೂ ಹೊಂದಿಕೊಂಡಿತು.

ಆದರೆ ಈ ಶಿಬಿರವನ್ನು ಕುರಿತು ಮಾತಾಡಬೇಕೆನಿಸಿದ್ದು ಇದಾವುದರಿಂದಲೂ ಅಲ್ಲ. ನನ್ನ ಪಕ್ಕದಲ್ಲಿ ಬೆಳ್ತಂಗಡಿ ಕಡೆಯ, ಐವತ್ತು ದಾಟಿದ ಮಹಿಳೆಯೊಬ್ಬರು ಕುಳಿತಿದ್ದರು. ಅವರು ಬರೆಯಬೇಕೆಂದಿದ್ದ ಹೆಸರು ಮೂರೇ ಅಕ್ಷರ: ಮಜಲು. ತುಳುನಾಡಿನಲ್ಲಿ ಗದ್ದೆಗಳಿಗೆ ಮೂರು ದರ್ಜೆ. ತಗ್ಗಿನಲ್ಲಿ ಸದಾ ನೀರಿದ್ದು ಮೂರು ಬೆಳೆ ಬರುವುದು ಬೈಲು, ಅದರ ಮೇಲೆ ಎರಡು ಬೆಳೆಯ ಮಜಲು, ಇನ್ನೂ ಎತ್ತರದಲ್ಲಿ ಮಳೆಯನ್ನೇ ನಂಬಿದ ಒಂದು ಬೆಳೆಯ ಬೆಟ್ಟು. ಮನೆಗಳಿಗೆ ಹೆಸರು ಬಂದದ್ದು ಹೀಗೆ. ಈಗ ಅನೇಕ ಮಜಲುಗಳಲ್ಲಿ ಭತ್ತವಿಲ್ಲ, ಅಡಿಕೆಯಿದೆ. ಈಕೆಯ ಮಜಲಿನಲ್ಲಿ ಮನೆಯೂ ಉಳಿದಿರಲಿಲ್ಲ, ಪಾಲಾಗಿ, ಮಾರಾಟವಾಗಿತ್ತು. 84 ವರ್ಷದ ತಾಯಿಯನ್ನು ಮಂಗಳೂರಿನ ನಾಲ್ಕನೆಯ ಮಾಳಿಗೆಯ ಫ್ಲ್ಯಾಟಿಗೆ ಕರೆತಂದಿದ್ದರು.

“ಅಮ್ಮನಿಗೆ ಎಲ್ಲ ಬಾಗಿಲೂ ಒಂದೇ ಹಾಗೆ ಕಾಣುತ್ತದೆ ಸರ್. ಎರಡು ಸಲ ಬೇರೆಯವರ ಮನೆಯ ಬೆಲ್ಲು ಒತ್ತಿ ನಿಂತಿದ್ದರು. ಇಂಗ್ಲಿಷ್ ನಂಬರು ಓದಲು ಬರುವುದಿಲ್ಲ. ಕನ್ನಡ ಓದುತ್ತಾರೆ, ಮೂರನೇ ಕ್ಲಾಸಿನವರೆಗೆ ಹೋಗಿದ್ದಾರೆ.”

ನಾನು ಕನ್ನಡ ಮಾಷ್ಟ್ರೆಂದು ತಿಳಿದ ಮೇಲೆ ಅವರು ಸಂದೇಹವೊಂದನ್ನು ಮುಂದಿಟ್ಟರು. ಪಹಣಿಯಲ್ಲಿರುವುದು ‘ಮಜಲು’. ತಾಯಿಯ ಬಾಯಲ್ಲಿ ಕೊನೆಯ ಸ್ವರ ಉಕಾರವಲ್ಲ, ತುಟಿ ದುಂಡಾಗದ ತುಳುವಿನ ಅರ್ಧ ಉಕಾರ. ಕನ್ನಡ ಲಿಪಿಯಲ್ಲಿ ಅದಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲ. ವ್ಯಂಜನಾಂತವಾಗಿ ‘ಮಜಲ್’ ಎಂದು ಬರೆಯುವ ರೂಢಿ ತುಳು ಲೇಖಕರಲ್ಲಿದೆ. ಯಾವುದು ಸರಿ? ಹುಡುಗನೊಬ್ಬ ತುಳು ಲಿಪಿಯಲ್ಲೇ ಬರೆಯಿರಿ ಎಂದ. 2024ರಲ್ಲಿ ತುಳು-ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಸ್ಥಾನ ದೊರೆತದ್ದನ್ನು ಉತ್ಸಾಹದಿಂದ ತಿಳಿಸಿದ. ವೆಂಕಟರಾಜ ಪುಣಿಂಚತ್ತಾಯರು ಸಂಪಾದಿಸಿದ ‘ಶ್ರೀ ಭಾಗವತೊ’ವನ್ನು ಓದಿದವನಾಗಿ ಅವನ ಹುರುಪು ನನಗೂ ಪ್ರಿಯವೇ. ಆದರೆ ಓದಬೇಕಾದವರು ಒಬ್ಬರೇ, ಅವರಿಗೆ ಆ ಲಿಪಿ ಬಾರದು.

ನಾನು ಎರಡೂ ಪಕ್ಷಗಳನ್ನು ವಿವರಿಸುತ್ತಿದ್ದಂತೆ ಆಕೆಯೇ ಇತ್ಯರ್ಥ ಮಾಡಿದರು. “ಅಮ್ಮ ಶಾಲೆಯಲ್ಲಿ ಓದಿದ್ದು ಕನ್ನಡವೇ ಅಲ್ಲವಾ ಸರ್? ಕೊಂಬು ಇದ್ದರೂ ಅವರ ಬಾಯಿಗೆ ತುಳುವೇ ಬರುತ್ತದೆ. ಕೊಂಬಿಲ್ಲದಿದ್ದರೆ ಅಕ್ಷರ ಬಿಟ್ಟುಹೋಗಿದೆ ಎಂದು ಬೈದಾರು.”

ಈ ಮಾತಿಗೆ ನನ್ನಲ್ಲಿ ಪ್ರತಿವಾದವಿರಲಿಲ್ಲ. ಗುರುಗಳು ಆಕೆಯ ಹಲಗೆಯನ್ನು ತೆಗೆದಿರಿಸಿ ಎರಡಡಿಯ ಬೇರೊಂದನ್ನು ಕೊಟ್ಟರು; ಕಣ್ಣಿಗೆ ಪೊರೆ ಬಂದವರಿಗೆ ಅಕ್ಷರ ಆರಿಂಚಾದರೂ ಬೇಕೆಂದರು. ಹಳದಿ ನೆಲ, ಕಪ್ಪು ಅಕ್ಷರ, ರೈಲು ನಿಲ್ದಾಣದ ಹಾಗೆ. ತುದಿಗೆ ಬಟ್ಟೆ ಸುತ್ತಿದ ಕೋಲಿನ ಮೇಲೆ ಕೈಯೂರಿ ಆಕೆ ‘ಲು’ವಿನ ಕೊಂಬನ್ನು ಒಂದೇ ಉಸಿರಿನಲ್ಲಿ ಎಳೆದರು. ಎರಡನೆಯ ಲೇಪ ಬರುವ ಭಾನುವಾರ. ಬೆನ್ನಿಗೂ ಬಣ್ಣ ಹಚ್ಚುವುದು ಬಾಕಿಯಿದೆ.