ಗಂಧದ ಗಿಡದ ಸಾಲದ ಖಾತೆ

ಕಳೆದ ಸಲ ಅಡಿಕೆ ರೇಟಿನ ಬಗ್ಗೆ ಮಾತಾಡಿದ್ವಿ, ಇವತ್ತು ಗಂಧ. ನಾನು ಓದಿದ್ದು ಬಿ.ಕಾಂ., ಸಸ್ಯಶಾಸ್ತ್ರ ಅಲ್ಲ. ಆದ್ರೆ ಈ ಕಥೆ ಶುರುವಾಗಿದ್ದು ಅಂತರಘಟ್ಟೆಯಲ್ಲಿ, ನಮ್ಮ ದೊಡ್ಡಪ್ಪನ ಹೊಲದಲ್ಲಿ.

2001ರಲ್ಲಿ ಕರ್ನಾಟಕದ ಕಾನೂನು ತಿದ್ದುಪಡಿ ಆದ್ಮೇಲೆ ಸ್ವಂತ ಜಮೀನಿನ ಗಂಧದ ಮರಕ್ಕೆ ರೈತನೇ ಮಾಲೀಕ. ದೊಡ್ಡಪ್ಪನೂ ಆಸೆಯಿಂದ ಸಸಿ ಹಾಕಿದ್ರು, ಪಕ್ಕದಲ್ಲಿ ತೊಗರಿ. ಫಸಲು ಬಂದ ಮೇಲೆ ತೊಗರಿಯನ್ನ ಬುಡಸಮೇತ ಕೀಳಿಸಿದ್ರು. ಮುಂದಿನ ಬೇಸಿಗೆಗೆ ಗಂಧದ ಎಲೆ ಹಳದಿ, ಬೆಳವಣಿಗೆ ನಿಂತೇ ಹೋಯ್ತು. ನೀರು ಕೊಟ್ರು, ಗೊಬ್ಬರ ಕೊಟ್ರು. ಕೊನೆಗೆ "ನಮ್ಮ ಮಣ್ಣಿಗೆ ಗಂಧ ಒಗ್ಗಲ್ಲ ಕಣೋ" ಅಂದ್ರು. ತಪ್ಪು ಮಣ್ಣಿನದಲ್ಲ.

ಗಂಧ ಅರೆ ಪರಾವಲಂಬಿ. ಎಲೆ ಹಸಿರಿದೆ, ಆಹಾರ ತಾನೇ ಮಾಡ್ಕೊಳ್ಳುತ್ತೆ. ಆದ್ರೆ ನೀರು, ಸಾರಜನಕ, ಖನಿಜಗಳಲ್ಲಿ ದೊಡ್ಡ ಪಾಲನ್ನ ಪಕ್ಕದ ಆಸರೆ ಗಿಡದ ಬೇರಿಂದ ಎಳ್ಕೊಳ್ಳುತ್ತೆ. ಮಾವಿನ ಕೊಂಬೆ ಮೇಲೆ ಬಂದಳಿಕೆ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಮಾಡೋ ಕೆಲಸವನ್ನ ಗಂಧ ಮಣ್ಣೊಳಗೆ ಮಾಡುತ್ತೆ. ಬೇರಿಗೆ ಬೇರು ತಾಗಿದ ಕಡೆ ಒಂದು ಗಂಟು ಎದ್ದು ಒಳಗೆ ನುಗ್ಗುತ್ತೆ. ಹಾಸ್ಟೋರಿಯಂ ಅಂತಾರೆ; ನಾನು ಹೀರುಗಂಟು ಅಂತೀನಿ.

ಈ ಗಂಟು ಕಟ್ಟೋದರಲ್ಲಿ ಹಾರ್ಮೋನುಗಳ ಕೈವಾಡ ಇದೆ. ಪರಾವಲಂಬಿಯ ಬೇರಲ್ಲಿ ಆಕ್ಸಿನ್ ಒಂದು ಕಡೆ ಸೇರಿದಾಗ ಜೀವಕೋಶಗಳು ಒಡೆದು ಹೆಚ್ಚಾಗಿ ಗಂಟು ಏಳುತ್ತೆ. ಎರಡು ಗಿಡಗಳ ನೀರಿನ ನಾಳ ಕೂಡೋಕೂ ಆಕ್ಸಿನ್ ಬೇಕು. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ಮಜವಾಗಿದೆ: ಜಪಾನಿನ ಒಂದು ಪುಟ್ಟ ಪರಾವಲಂಬಿ ತನ್ನ ಸೈಟೊಕೈನಿನ್ ಹಾರ್ಮೋನನ್ನ ಆಸರೆ ಗಿಡದೊಳಗೆ ಕಳಿಸಿ ಅದರ ಬೇರನ್ನೇ ದಪ್ಪ ಮಾಡಿಸುತ್ತೆ. ಸಾಲಗಾರ ಬಂದು ಬ್ಯಾಂಕಿನ ಕೌಂಟರನ್ನೇ ಅಗಲ ಮಾಡಿಸಿದ ಹಾಗೆ!

ಜೋಳದ ಹೊಲದ ಸ್ಟ್ರೈಗಾ ಕಳೆ ಇನ್ನೂ ಕಿಲಾಡಿ. ರಂಜಕ ಕಮ್ಮಿಯಾದಾಗ ಜೋಳದ ಬೇರು ಸ್ನೇಹದ ಶಿಲೀಂಧ್ರವನ್ನ ಕರೆಯೋಕೆ ಸ್ಟ್ರೈಗೊಲ್ಯಾಕ್ಟೋನ್ ಅನ್ನೋ ಹಾರ್ಮೋನು ಬಿಡುತ್ತೆ. ವರ್ಷಗಟ್ಟಲೆ ಮಲಗಿದ್ದ ಸ್ಟ್ರೈಗಾ ಬೀಜ ಆ ಕರೆಗೇ ಎದ್ದು ಬರುತ್ತೆ.

ಗಂಧದ ಬೀಜಕ್ಕೆ ಅಂಥ ಕರೆ ಬೇಡ. ನರ್ಸರಿಯವರು ಜಿಬ್ಬರೆಲಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸ್ತಾರೆ, ಅದೂ ಸಸ್ಯದ ಹಾರ್ಮೋನೇ. ಬೀಜದೊಳಗಿನ ಬುತ್ತಿ ಇರೋವರೆಗೆ ಸಸಿ ಆರಾಮ, ಕಷ್ಟ ಆಮೇಲೆ. ಅದಕ್ಕೇ ಸಸಿಯ ಕವರಿನಲ್ಲಿ ಹೊನಗೊನೆ ಸೊಪ್ಪು ನೆಟ್ಟಿರ್ತಾರೆ. ಜಾಸ್ತಿ ಬೆಳೆದ್ರೆ ಕತ್ತರಿಸಿ, ಕಳೆ ಅಂತ ಕೀಳಬೇಡಿ.

ದೊಡ್ಡಪ್ಪ ಈ ಮುಂಗಾರಿಗೆ ಮತ್ತೆ ತೊಗರಿ ಬಿತ್ತಿದ್ದಾರೆ. ಅದು ಹೋದ ಮೇಲೂ ಆಸರೆ ಇರ್ಲಿ ಅಂತ ನಡುನಡುವೆ ಸರ್ವೆ ಸಸಿ. ಉಳಿದಿರೋ ಗಂಧದಲ್ಲಿ ಕೆಲವು ಚಿಗುರಿವೆ. ಸತ್ತ ಗುಂಡಿಗಳಿಗೆ ಹೊಸ ಸಸಿ ತರೋಕೆ ಮುಂದಿನ ವಾರ ನಾನೂ ಹೋಗ್ತಿದ್ದೀನಿ.