ಅಂದಿನ ಅಳತೆಗೋಲು

ಹಿಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದೆಂಬ ಮಾತುಂಟು. ಅಮೆರಿಕದ ಥಾಮಸ್ ಜೆಫರ್ಸನ್ನನ ವಿಷಯದಲ್ಲಿ ಅದು ನಿಲ್ಲದು. 1776ರಲ್ಲಿ ಮಾನವರೆಲ್ಲ ಸಮಾನರೆಂದು ಬರೆದವನು ಬಾಳಿನುದ್ದಕ್ಕೂ ಗುಲಾಮರ ಒಡೆಯನಾಗಿದ್ದ. ಅವರಲ್ಲೊಬ್ಬಳು ಸ್ಯಾಲಿ ಹೆಮಿಂಗ್ಸ್. ಆತನ ತೀರಿಹೋದ ಮಡದಿಗೆ ತಂದೆಯ ಕಡೆಯಿಂದ ತಂಗಿ. ಆತನಿದ್ದ ಪ್ಯಾರಿಸ್ಸಿಗೆ 1787ರಲ್ಲಿ ಹೋದಾಗ ಆಕೆಗೆ 14 ವರ್ಷ. ಫ್ರಾನ್ಸಿನಲ್ಲಿ ಬಿಡುಗಡೆ ಕೇಳಬಹುದಿತ್ತು. ತನಗೆ ಹುಟ್ಟುವ ಮಕ್ಕಳು 21ಕ್ಕೆ ಸ್ವತಂತ್ರರಾಗುವರೆಂಬ ವಚನ ಪಡೆದು ಆಕೆ ಹಿಂದಿರುಗಿದಳೆಂದು ಮಗ ಮ್ಯಾಡಿಸನ್ 1873ರಲ್ಲಿ ಹೇಳಿದ. ಆ ಮಕ್ಕಳ ತಂದೆ ಜೆಫರ್ಸನ್ನನೇ ಎಂದು ಬಹುಪಾಲು ಇತಿಹಾಸಕಾರರು ಇಂದು ಒಪ್ಪುತ್ತಾರೆ.

ಇದನ್ನು ಸಮ್ಮತಿಯೆನ್ನೋಣವೇ? ಒಲ್ಲೆನೆನ್ನುವ ಹಕ್ಕೇ ಇಲ್ಲದವಳ ಒಪ್ಪಿಗೆಗೆ ಆ ಹೆಸರು ಸಲ್ಲದು. ವಚನ ಪಡೆದ ಆಕೆಯ ದಿಟ್ಟತನ ಬೇರೆಯ ಮಾತು.

ಇನ್ನು ಅಳತೆಗೋಲು. ವರ್ಜೀನಿಯದವನೇ ಆದ ಎಡ್ವರ್ಡ್ ಕೋಲ್ಸ್, ಗುಲಾಮಗಿರಿಯನ್ನು ತೊಲಗಿಸಲು ಮುಂದಾಗಬೇಕೆಂದು 1814ರಲ್ಲಿ ಜೆಫರ್ಸನ್ನನಿಗೆ ಪತ್ರ ಬರೆದ. ಅದು ತರುಣರ ಕೆಲಸವೆಂದು ಉತ್ತರ ಬಂತು. ಕೋಲ್ಸ್ 1819ರಲ್ಲಿ ತನ್ನ ಗುಲಾಮರೊಡನೆ ಇಲಿನಾಯ್‌ಗೆ ಹೊರಟು, ದಾರಿಯಲ್ಲಿ ಒಹಾಯೊ ನದಿಯ ಮೇಲೆಯೇ ಅವರಿಗೆ ಬಿಡುಗಡೆಯಿತ್ತ. ಆಮೇಲೆ ಜಮೀನನ್ನೂ ಕೊಟ್ಟ.